ಐದನೆಯ ಗಾಜಿನ ಮೋಡ

ಗೋಕಾಕದಲ್ಲಿ ಗಾಜಿನ ಹೊಳೆಪ್ಪ ಎಂದರೆ ಅಂಗಡಿ ತೋರಿಸುತ್ತಾರೆ. ಕನಸಿನ ಹೊಳೆಪ್ಪ ಎಂದರೆ ನಕ್ಕು, ಅಂಗಡಿಯ ತನಕ ಕರೆದುಕೊಂಡೇ ಹೋಗುತ್ತಾರೆ. ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಗಿರಾಕಿ ಎದುರಿಗೆ ನಿಂತು ಗಡಿಬಿಡಿ ಮಾಡುತ್ತಿದ್ದರೂ ಅವನು ಕೊಯ್ಯಬೇಕಾದ ಗಾಜನ್ನು ಮೊದಲು ಬೆಳಕಿಗೆ ಎತ್ತಿ ಹಿಡಿಯುವವನೇ. ಹಿಡಿದನೆಂದರೆ ಮುಗಿಯಿತು. ಗಾಜಿನಾಚೆಯ ರಸ್ತೆ, ಎಮ್ಮೆ, ಕಬ್ಬಿನ ಟ್ರ್ಯಾಕ್ಟರು, ಎದುರಿನ ಚಹಾದಂಗಡಿಯ ಹೊಗೆ, ಎಲ್ಲವೂ ಅವನ ಕಣ್ಣಿಗೆ ನೀರಿನೊಳಗೆ ತೇಲುತ್ತಿದ್ದವು. ಗಿರಾಕಿ ಎರಡು ಸಲ ಕೆಮ್ಮಬೇಕು, ಮೂರನೆಯ ಸಲ ಬಯ್ಯಬೇಕು. ಆಮೇಲೆ ಹೊಳೆಪ್ಪ ಈ ಲೋಕಕ್ಕೆ ಇಳಿದು ಬರುತ್ತಿದ್ದ.

"ಅದರಾಗ ಏನ್ ಸಿನಿಮಾ ನಡದೈತೇನ್ರೀ?" ಎಂದು ಹೆಂಡತಿ ಉದ್ದವ್ವ ಕೇಳುತ್ತಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷದಿಂದ ಅದೇ ಪ್ರಶ್ನೆ.

"ಏನಿಲ್ಲ ಬಿಡ. ಬೆಳಕ ನೋಡಾಕತ್ತೇನಿ," ಎಂದು ಅವನದೂ ಅದೇ ಉತ್ತರ.

ಕಸುಬು ಅಪ್ಪನಿಂದ ಬಂದದ್ದು. ಅಪ್ಪ ಮೂಡಲಗಿಯ ಬಸ್ ನಿಲ್ದಾಣದ ಬಾಜೂ ಪಟಗಳಿಗೆ ಕಟ್ಟು ಹಾಕಿ ಕೊಡುತ್ತಿದ್ದ. ತಮ್ಮ ಓಣಿಯವರಿಗೆ ಬುದ್ಧನ ಪಟ, ಪೇಟೆಯವರಿಗೆ ಬಸವಣ್ಣನ ಪಟ, ಎಲ್ಲರಿಗೂ ಮದುವೆಯ ಪಟ. ಆ ಅಪ್ಪ ಮಗನಿಗೆ ಕಲಿಸಿದ ಮೊದಲ ಪಾಠ ಒಂದೇ: ಚೌಕಟ್ಟಿನ ಅಳತೆ ಎಷ್ಟಿದೆಯೋ ಅಷ್ಟನ್ನೂ ವಹಿಯಲ್ಲಿ ಪೂರ್ತಿ ಬರೆಯಬೇಕು, ಕೊಯ್ಯುವಾಗ ಮಾತ್ರ ಒಂದು ನೂಲು ಕಡಿಮೆ ಮಾಡಿ ಕೊಯ್ಯಬೇಕು. ನೂಲು ಎಂದರೆ ಅಂಗುಲದ ಎಂಟನೆಯ ಪಾಲು, ಎರಡು ಬೆಂಕಿಕಡ್ಡಿ ಜೋಡಿಸಿದಷ್ಟು. ಅಷ್ಟು ಸಡಿಲ ಬಿಟ್ಟರೆ ಗಾಜು ಚೌಕಟ್ಟಿನಲ್ಲಿ ಉಸಿರಾಡುತ್ತದೆ. ಹೀಗೆ ಬರೆಯುವುದು ಪೆನ್ಸಿಲ್ಲಿನ ಕೆಲಸವಾಯಿತು, ಕಳೆಯುವುದು ಕೈಯ ಕೆಲಸವಾಯಿತು. ಮೂವತ್ತೈದು ವರ್ಷ ಹೊಳೆಪ್ಪನ ಕೈ ತಾನಾಗಿಯೇ ಆ ನೂಲನ್ನು ಕಳೆಯುತ್ತ ಬಂದಿತ್ತು, ತಲೆಯನ್ನು ಕೇಳಿರಲೇ ಇಲ್ಲ.

ಇಂಥವನ ಪಾಲಿಗೆ ಒಂದು ದಿನ ಮಹೇಶನ ಕೆಲಸ ಬಂತು. ಮಹೇಶ ಕರದಂಟಿನ ಮನೆತನದವನು. ಅಜ್ಜಿಯ ಒಲೆಯಿಂದ ಶುರುವಾದ ವ್ಯಾಪಾರವನ್ನು ಅವನು ಕೊಣ್ಣೂರ ರಸ್ತೆಯ ಬದಿಗೆ ಎರಡು ಅಂತಸ್ತಿನ ಫ್ಯಾಕ್ಟರಿ ಮಾಡಿದ್ದ. ಕೆಳಗೆ ಐದು ದೊಡ್ಡ ಕಡಾಯಿ. ತುಪ್ಪದಲ್ಲಿ ಅಂಟು ಅರಳುತ್ತದೆ, ಬೆಲ್ಲದ ಪಾಕ ಕುದಿಯುತ್ತದೆ. ಮೇಲೆ ಪ್ಯಾಕಿಂಗ್, ಇಪ್ಪತ್ತೆಂಟು ಹೆಣ್ಣುಮಕ್ಕಳು ಕೂತು ಕರದಂಟನ್ನು ಡಬ್ಬಿಗೆ ತುಂಬುತ್ತಾರೆ. ಮೇಲಿನಿಂದ ಕೆಳಗಿಳಿಯಲು ಇರುವುದು ಒಂದೇ ಮೆಟ್ಟಿಲು, ಅದೂ ಕಡಾಯಿಗಳ ಪಕ್ಕಕ್ಕೇ. ಕಡಾಯಿಗಳಿಗೂ ಅಂಗಡಿ, ಮೆಟ್ಟಿಲುಗಳಿಗೂ ನಡುವಿನ ಗೋಡೆ ತೆಗೆದು ಗಾಜು ಹಾಕಿಸಬೇಕು, ಅಂಗಡಿಗೆ ಬಂದವರಿಗೆ ಅಂಟು ಅರಳುವುದು ಕಾಣಬೇಕು ಎನ್ನುವುದು ಮಹೇಶನ ಆಸೆ. ಆ ಇಪ್ಪತ್ತೆಂಟರಲ್ಲಿ ಒಬ್ಬಳು, ಉಳಿದವರ ಮೇಲ್ವಿಚಾರಕಿ, ಹೊಳೆಪ್ಪನ ಒಬ್ಬಳೇ ಮಗಳು ಆಮ್ರಪಾಲಿ.

"ಕಾರಿಗೆ ಹಾಕ್ತಾರಲ್ಲ ಗಟ್ಟಿ ಗಾಜು, ಅದನ್ನ ಹಾಕಿದ್ರ ಆತು," ಎಂದ ಮಹೇಶ.

"ಅದು ಕಲ್ಲಿಗೆ ಗಟ್ಟಿ ಐತ್ರಿ, ಬೆಂಕಿಗಲ್ಲ," ಎಂದಳು ಐಶ್ವರ್ಯ. ಅವಳು ಹುಕ್ಕೇರಿಯವಳು, ಕಟ್ಟಡಗಳ ಬೆಂಕಿ ಸುರಕ್ಷತೆ ನೋಡುವ ಎಂಜಿನಿಯರ್. ಮಾತು ಕಡಿಮೆ, ಆಡಿದರೆ ಎದುರಿಗಿದ್ದವರು ಕುರ್ಚಿ ಸರಿಮಾಡಿಕೊಂಡು ಕೂಡುತ್ತಿದ್ದರು. ಅವಳು ಮೂರು ತುಂಡು ಗಾಜು ತಂದು ಮೇಜಿನ ಮೇಲಿಟ್ಟಳು. ಒಂದು ಮಹೇಶ ಹೇಳಿದ ಗಟ್ಟಿ ಗಾಜು. ಇನ್ನೊಂದರ ಹೊಟ್ಟೆಯಲ್ಲಿ ತಂತಿಯ ಜಾಳಿಗೆ. ಮೂರನೆಯದು ಹೆಬ್ಬೆರಳಿನಷ್ಟು ದಪ್ಪ, ಪದರ ಪದರವಾಗಿ ಕೂಡಿಸಿದ್ದು, ನಡುವೆ ಕಣ್ಣಿಗೆ ಕಾಣದ ಅಂಟಿನಂಥದೊಂದು ತುಂಬಿದ್ದು.

"ಈ ಮೂರನೇದರ ರೇಟು ಕೇಳೀರೇನ್? ಐದು ಪಟ್ಟು!" ಎಂದು ಮಹೇಶ ಹೊಳೆಪ್ಪನತ್ತ ತಿರುಗಿದ. "ನೀ ಹೇಳೋ ಕಾಕಾ, ಜಾಳಿಗಿದು ನಡಿಯಂಗಿಲ್ಲ?"

ಹೊಳೆಪ್ಪ ಆಗಲೇ ಮೂರನೆಯದನ್ನು ಕಿಟಕಿಗೆ ಎತ್ತಿ ಹಿಡಿದು ಎಲ್ಲೋ ಹೋಗಿಬಿಟ್ಟಿದ್ದ. ತಿರುಗಿ ಬಂದು, "ಬೆಂಕಿ ಹಚ್ಚಿ ನೋಡೂಣಲ್ಲ," ಎಂದ.

ಹಿತ್ತಲಿಗೆ ಹೋದರು. ಒಂದು ಹಳೆಯ ಡ್ರಮ್ಮಿನ ಬಾಯಿಗೆ ತುಂಡುಗಳನ್ನು ಒಂದೊಂದಾಗಿ ಕಟ್ಟಿ, ಒಳಗೆ ಕಬ್ಬಿನ ಒಣ ಎಲೆಯ ರವದಿ, ಜಾಲಿಕಟ್ಟಿಗೆ ತುಂಬಿ ಬೆಂಕಿ ಕೊಟ್ಟರು. ಈಚೆಗೆ, ಗಾಜಿನಿಂದ ಒಂದು ಗೇಣು ದೂರದಲ್ಲಿ, ಸ್ಟೂಲಿನ ಮೇಲೆ ಒಂದು ಕರದಂಟು ಇಟ್ಟ ಹೊಳೆಪ್ಪ. ಗಟ್ಟಿ ಗಾಜು ಸ್ವಲ್ಪ ಹೊತ್ತಿನಲ್ಲೇ ಢಬ್ ಎಂದು ಕಾಳು ಕಾಳಾಗಿ ಉದುರಿತು. ಮಹೇಶ "ಯಪ್ಪಾ!" ಎಂದು ನಾಲ್ಕು ಹೆಜ್ಜೆ ಹಿಂದೆ ಹಾರಿದ. ಜಾಳಿಗೆಯ ಗಾಜು ಬಿರುಕು ಬಿಟ್ಟಿತು, ಆದರೆ ನಿಂತಿತು. ಒಂದು ನಾಲಿಗೆ ಬೆಂಕಿಯೂ ಹೊರಗೆ ಬರಲಿಲ್ಲ. ಮಹೇಶ ಗೆದ್ದವನಂತೆ ಐಶ್ವರ್ಯಳ ಮುಖ ನೋಡಿದ. ಅವಳು ಸ್ಟೂಲಿನ ಕಡೆ ಬೆರಳು ತೋರಿಸಿದಳು. ಕರದಂಟು ಮೊದಲು ಬೆವರಿತು, ಆಮೇಲೆ ವಾಲಿತು, ಆಮೇಲೆ ಬೆಲ್ಲವಾಗಿ ಸ್ಟೂಲಿನ ಕಾಲಗುಂಟ ಇಳಿಯತೊಡಗಿತು.

"ಬೆಂಕಿ ನಿಂತತ್ರಿ, ಬಿಸಿ ನಿಲ್ಲಲಿಲ್ಲ," ಎಂದಳು ಐಶ್ವರ್ಯ. "ಮೆಟ್ಟಲಾ ಇಳ್ಯಾವ್ರು ಇದರ ಬಾಜೂನ ಹೋಗಬೇಕಲ್ರಿ."

ಮೂರನೆಯ ಗಾಜಿನದೇ ಬೇರೆ ರೀತಿ. ಬೆಂಕಿ ತಾಗಿದ್ದೇ ಅದರೊಳಗಿನ ಪದರ ಉಬ್ಬಿ ಬೆಳ್ಳಗಾಗುತ್ತ ಬಂತು. ಬೆಂಕಿಯ ಕೆಂಪು ಮರೆಯಾಗಿ, ಎದುರಿಗೆ ಹಾಲಿನಂಥ ಬಿಳುಪು ಮಾತ್ರ ಉಳಿಯಿತು. ಹೊಳೆಪ್ಪನಿಗೆ ಮಳೆಗಾಲದ ಬೆಳಗಿನಲ್ಲಿ ಗೋಕಾಕ ಫಾಲ್ಸಿನ ಬುಡದಿಂದ ಏಳುವ ತುಂತುರು ನೆನಪಾಯಿತು. ಚಿಕ್ಕವನಿದ್ದಾಗ ಅಪ್ಪನ ಕೈ ಹಿಡಿದು ತೂಗುಸೇತುವೆಯ ಮೇಲೆ ನಿಂತು ನೋಡಿದ್ದು; ಅದರಾಚೆಗೆ ಇನ್ನೊಂದು ಊರಿದೆ ಎಂದು ಆಗ ನಂಬಿದ್ದು. ಸ್ಟೂಲಿನ ಮೇಲಿನ ಕರದಂಟು ಇಟ್ಟ ಹಾಗೇ ಇತ್ತು. ಅವನು ಅದನ್ನೆತ್ತಿ ಮುರಿದು ಬಾಯಿಗೆ ಹಾಕಿಕೊಂಡ.

"ಇದು ಆಟ ಅಷ್ಟರಿ. ಖರೆ ಪರೀಕ್ಷೆದು ಕಾಗದ ಬ್ಯಾರೆ ಐತಿ," ಎಂದು ಐಶ್ವರ್ಯ ಎಚ್ಚರಿಸಿದಳು. ಗಾಜು, ಚೌಕಟ್ಟು, ನಡುವಿನ ಪಟ್ಟಿ, ಮೂರನ್ನೂ ಕೂಡಿಸಿಯೇ ಸುಟ್ಟು ನೋಡಿರಬೇಕು. ಹಾಗಿದ್ದರೆ ಮಾತ್ರ ಅದು ಅರವತ್ತು ನಿಮಿಷ ಬೆಂಕಿಯನ್ನೂ ಬಿಸಿಯನ್ನೂ ತಡೆಯುತ್ತದೆ.

ಮಹೇಶ ಕೇಳಿಸಿಕೊಳ್ಳುತ್ತಿರಲಿಲ್ಲ. ಸ್ಟೂಲಿನ ಕಾಲಿಗೆ ಇಳಿದಿದ್ದ ಬೆಲ್ಲವನ್ನೇ ನೋಡುತ್ತಿದ್ದ. "ಕರದಂಟ ಕರಗಿದ್ರ ಮತ್ತ ಮಾಡಬಹುದು," ಎಂದ. ಕಣ್ಣೆತ್ತಿ ಮೇಲಿನ ಪ್ಯಾಕಿಂಗಿನ ಕಡೆ ನೋಡಿದ. "ಮೂರನೇದ್ದ ತರಸ್ರಿ."

ಐದು ಹಾಳೆ ಗಾಜು ಬೇಕಿತ್ತು. ಈ ಗಾಜನ್ನು ಸ್ಥಳದಲ್ಲಿ ಕೊಯ್ಯುವಂತಿಲ್ಲ. ಕಾರ್ಖಾನೆಯಲ್ಲೇ ಅಳತೆಗೆ ಕೊಯ್ದು, ಅಂಚಿಗೆ ಪಟ್ಟಿ ಸುತ್ತಿ ಕಳಿಸುತ್ತಾರೆ. ಅಂಚು ತೆರೆದರೆ ತೇವ ಒಳಗೆ ಹೋಗಿ ಗಾಜು ಕೆಡುತ್ತದೆ. ಇದನ್ನು ಐಶ್ವರ್ಯ ಮೂರು ಸಲ ಹೇಳಿದಳು, ಹೊಳೆಪ್ಪ ಮೂರು ಸಲ ಗೋಣು ಹಾಕಿದ. ನಾಲ್ಕು ಚೌಕಟ್ಟಿನ ಅಳತೆಯನ್ನು ಅವಳೇ ಪಕ್ಕದಲ್ಲಿ ನಿಂತು, ಸಡಿಲ ಕಳೆದು, ಬರೆದುಕೊಂಡಳು. ಅಷ್ಟರಲ್ಲಿ ಹುಕ್ಕೇರಿಯ ಬಸ್ಸಿಗೆ ಹೊತ್ತಾಯಿತು. "ಐದನೇದು ನೀವ ತಗೊಂಡು ಕಳಸ್ರಿ ಕಾಕಾ," ಎಂದು ಹೋದಳು.

ಐದನೆಯದು ಮೆಟ್ಟಿಲ ಬುಡದಲ್ಲಿತ್ತು. ನಾಲ್ಕು ಗಂಟೆಯ ಬಿಸಿಲು ಆ ಖಾಲಿ ಚೌಕಟ್ಟಿನೊಳಗಿಂದ ಬಂದು, ತುಪ್ಪದ ಹೊಗೆಯಲ್ಲಿ ನೆಂದು, ನೆಲದ ಮೇಲೆ ಒಂದು ಬಂಗಾರದ ಹಾಸಿಗೆ ಹಾಸಿತ್ತು. ಹೊಳೆಪ್ಪ ಟೇಪು ಹಿಡಿದು ನಿಂತವನು ನಿಂತೇಬಿಟ್ಟ. ಮೇಲಿನಿಂದ ಹೆಣ್ಣುಮಕ್ಕಳ ನಗು ಕೇಳಿಸುತ್ತಿತ್ತು, ಅದರಲ್ಲಿ ಮಗಳ ನಗು ಬೇರೆಯಾಗಿ ಕೇಳಿಸುತ್ತಿತ್ತು. ಎಚ್ಚರಾದಾಗ ಬಿಸಿಲು ಸರಿದಿತ್ತು. ಲಗುಬಗೆಯಿಂದ ಅಳೆದು, ವಹಿಯಲ್ಲಿ ಬರೆದು, ಫೋಟೊ ತೆಗೆದು ಕಳಿಸಿದ. ಅಪ್ಪ ಕಲಿಸಿದ ಹಾಗೆಯೇ ಪೂರ್ತಿ ಬರೆದಿದ್ದ.

ಅಯ್ಯೋ ಹೊಳೆಪ್ಪಾ, ಕೈ ಕಳೆಯುವ ಅಳತೆಯಾಗಿರಲಿಲ್ಲವಲ್ಲೋ ಅದು!

ಗಾಜು ಬಂತು. ನಾಲ್ಕು ಹಾಳೆ ಚೌಕಟ್ಟಿನಲ್ಲಿ ಕೂತವು. ಐದನೆಯದು ಒಂದು ನೂಲು ದೊಡ್ಡದಾಗಿ ಕೂಡಲಿಲ್ಲ. ಐದು ದಿನಕ್ಕೆ ಉದ್ಘಾಟನೆ. ಹೊಸದು ತರಿಸಲು ಒಂದೂವರೆ ತಿಂಗಳು. ಊಟದ ಹೊತ್ತು, ಸುತ್ತ ಯಾರೂ ಇರಲಿಲ್ಲ. ಹೇಳಿಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿದ. ಮೂವತ್ತೈದು ವರ್ಷದ ಕೈ, ಅಳತೆ ತಪ್ಪಿತು ಎಂದು ಊರು ನಗುತ್ತದೆ. ಕನಸಿನ ಹೊಳೆಪ್ಪ ಎಂಬ ಹೆಸರನ್ನು ಅವನು ನಕ್ಕು ಸಹಿಸಿಕೊಂಡದ್ದೇ ಅಳತೆ ಎಂದೂ ತಪ್ಪಿಲ್ಲ ಎನ್ನುವ ಧೈರ್ಯದಿಂದ. ಒಂದು ನೂಲಿಗೆ ಏನಾಗುತ್ತದೆ ಎಂದುಕೊಂಡ. ಕೆಳಗಿನ ಅಂಚಿನ ಪಟ್ಟಿ ಬಿಚ್ಚಿದ, ಸಾಣೆಕಲ್ಲಿಗೆ ನೀರು ಚಿಮುಕಿಸಿ ಸವೆಸಿದ, ಹೊಸ ಪಟ್ಟಿ ಸುತ್ತಿ ಕೂರಿಸಿದ. ಮೇಲೆ ಲೋಹದ ಕಟ್ಟು ಬಂತು, ಅಂಚು ಮುಚ್ಚಿಹೋಯಿತು. ಐಶ್ವರ್ಯ ಬಂದು ಐದೂ ಗಾಜಿನ ಮೂಲೆಯಲ್ಲಿದ್ದ ಕಾರ್ಖಾನೆಯ ಮುದ್ರೆ ನೋಡಿ, ಸರಿ ಎಂದಳು.

ಡ್ರಮ್ಮಿನ ಪರೀಕ್ಷೆಯ ಸುದ್ದಿ ಪ್ಯಾಕಿಂಗ್ ಹೆಣ್ಣುಮಕ್ಕಳಿಗೆ ಗೊತ್ತಾಗಿತ್ತು. ಅವರಲ್ಲಿ ಹಿರಿಯಳು ಬಾಳವ್ವ. ಮೊದಲ ದಿನ ಮೆಟ್ಟಿಲು ಹತ್ತುವಾಗ ಅವಳು ಐದನೆಯ ಗಾಜಿಗೆ ಅಂಗೈ ಒತ್ತಿ, ಕಣ್ಣಿಗೆ ಒತ್ತಿಕೊಂಡಳು. "ನಮ್ಮನ್ನ ಕಾಯೂದಲ್ಲ ಇದು, ಒಂದ್ ನಮಸ್ಕಾರ ಮಾಡಿದ್ರ ಏನ್ ಕಳಕೊಂತೀವಿ?" ಎಂದಳು. ಹಿಂದೆ ಬಂದವಳೂ ಒತ್ತಿದಳು, ಅವಳ ಹಿಂದಿನವಳೂ ಒತ್ತಿದಳು. ಮರುದಿನದಿಂದ ಅದೇ ಪದ್ಧತಿಯಾಯಿತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆ ಗಾಜಿನ ಮೇಲೆ ಇಪ್ಪತ್ತೆಂಟು ಅಂಗೈ ಮೂಡುತ್ತಿದ್ದವು.

ಸಂಕ್ರಾಂತಿಯ ಹೊತ್ತಿಗೆ ಗಾಜಿನ ಕೆಳಮೂಲೆಯಲ್ಲಿ ಒಂದು ಬಿಳಿಯ ಉಸಿರು ಕಾಣಿಸಿತು. ಶಿವರಾತ್ರಿಗೆ ಅದು ಮೊಣಕಾಲೆತ್ತರ ಬಂತು. ಯುಗಾದಿಗೆ ಸೊಂಟದ ತನಕ ಏರಿ, ಮೇಲೆ ಅಂಚಂಚಾಗಿ ಹರಡಿತು. ಏನು ಚೆಂದ ಅಂತೀರಿ! ಹಿಂದೆ ಕಡಾಯಿಯ ಬೆಂಕಿ ಉರಿದರೆ ಆ ಬಿಳುಪು ತೆಳುಗೆಂಪಾಗುತ್ತಿತ್ತು, ಸಂಜೆ ನೀಲಿಯಾಗುತ್ತಿತ್ತು. ಕರದಂಟು ಕೊಳ್ಳಲು ಬಂದವರು ಅದರ ಎದುರು ನಿಂತು ಫೋಟೊ ತೆಗೆಸಿಕೊಂಡರು. "ಥೇಟ್ ಫಾಲ್ಸ್‌ನಾಗಿನ ಮಂಜು ಬಂದಂಗ ಆಗೇತಿ," ಎಂದಳು ಬಾಳವ್ವ. ಮಹೇಶ ಹೊಳೆಪ್ಪನ ಬೆನ್ನು ತಟ್ಟಿ, "ಡಿಸೈನ್ ಮಾಡಿಸಿದ್ದೇನೋ ಕಾಕಾ? ಹೇಳಲೇ ಇಲ್ಲಲ್ಲ ನೀ!" ಎಂದ.

ಹೊಳೆಪ್ಪ ನಕ್ಕ. ಅದೊಂದು ನಗುವಿಗೆ ಅವನ ಪರವಾಗಿ ಮಾತಾಡುವವರು ಯಾರೂ ಸಿಗಲಿಕ್ಕಿಲ್ಲ. ಅದು ಏನೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ತೇವ ಹೊಕ್ಕ ಗಾಜಿನ ಮೇಲೆ ಅರವತ್ತು ನಿಮಿಷದ ಮಾತನ್ನು ಯಾರೂ ಕೊಡಲಾರರು. ಬೆಂಕಿಯಲ್ಲಿ ಏಳಬೇಕಾದ ಬಿಳುಪು ಬೆಂಕಿಯಿಲ್ಲದೆಯೇ ಎದ್ದು ಖರ್ಚಾಗುತ್ತಿತ್ತು. ಆದರೂ ಏನೋ ಒಂದು ನೆಪ ಮಾಡಿಕೊಂಡು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಮೋಡದ ಮುಂದೆ ನಿಲ್ಲುತ್ತಿದ್ದ. ನಿಂತರೆ ತೂಗುಸೇತುವೆ, ಅಪ್ಪನ ಕೈ, ತುಂತುರಿನಾಚೆಯ ಇನ್ನೊಂದು ಊರು. ತಪ್ಪು ಇಷ್ಟು ಚೆಂದವಾಗಿ ಬೆಳೆಯುತ್ತಿದ್ದರೆ ಅದನ್ನು ತಪ್ಪು ಎನ್ನುವುದು ಕಷ್ಟ.

ಯುಗಾದಿ ಕಳೆದು ಎಂಟು ದಿನ. ಸಂಜೆ ಮನೆಗೆ ಬಂದ ಆಮ್ರಪಾಲಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು. "ಯಪ್ಪಾ, ಇವತ್ತ ಏನಾತ ಗೊತ್ತೈತೇನ? ಮೆಟ್ಟಲ ಕಡಿ ಕಡಾಯಿಗೆ ಬೆಂಕಿ ಹತ್ತಿತ್ತ!"

ಉದ್ದವ್ವ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೇ ಉಳಿಯಿತು.

"ಏ, ಅಂಜಬ್ಯಾಡವ್ವಾ. ಅಣ್ಣಪ್ಪ ಕಾಕಾ ಮುಚ್ಚಳ ಮುಚ್ಚಿ ಎರಡ ನಿಮಿಷದಾಗ ಆರಿಸಿದ." ಅಣ್ಣಪ್ಪ ಎಂದರೆ ಕಡಾಯಿಯ ಮುಖ್ಯಸ್ಥ. "ಆದ್ರ ಮ್ಯಾಲ ನಮಗ ಗೊತ್ತಾಗಬೇಕಲ್ಲ? ಹೊಗಿ ಕಂಡು ಎಲ್ಲಾರೂ ಚೀರಾಕತ್ತಿದ್ರು. ನಾ ಕೆಳಗ ಬಂದು ಆ ಮೋಡದ ಗಾಜಿಗೆ ಬೆನ್ನು ಹಚ್ಚಿ ನಿಂತೆ. ನೂಕ್ಯಾಡಬ್ಯಾಡ್ರಿ, ನಮ್ಮಪ್ಪನ ಗಾಜ ಐತಿ, ಒಂದ ತಾಸ ಟೈಮ್ ಐತಿ, ಸಾವಕಾಶ ಇಳೀರಿ ಅಂದೆ. ಬಾಳವ್ವಗ ಮೊಣಕಾಲ ನೋವು, ಒಂದೊಂದ ಮೆಟ್ಟಲಾ ಕುಂತು ಕುಂತು ಇಳದಳು. ಎಲ್ಲಾರೂ ಇಳದ ಮ್ಯಾಲ ಕಡೀಕ ನಾ ಬಂದೆ."

"ಬೆನ್ನು ಹಚ್ಚಿ ನಿಂತಿದ್ದೆ?" ಎಂದ ಹೊಳೆಪ್ಪ.

"ಹೂಂ. ಬೆಚ್ಚಗ ಅನಸ್ತಿತ್ತ." ಅವಳು ನಕ್ಕಳು. "ನಿನ್ನ ಗಾಜಂದ್ರ ಏನಂತ ತಿಳದಿ?"

ಹೊಳೆಪ್ಪ ತಾಟಿನ ಮುಂದಿನಿಂದ ಎದ್ದ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತ. ಅವನ ಕಣ್ಣ ಮುಂದೆ ಫಾಲ್ಸ್ ಬರಲಿಲ್ಲ, ಅಪ್ಪ ಬರಲಿಲ್ಲ. ಸ್ಟೂಲಿನ ಕಾಲಗುಂಟ ಇಳಿಯುತ್ತಿದ್ದ ಬೆಲ್ಲ ಮಾತ್ರ ಬಂತು. ಅತ್ತುಬಿಟ್ಟ.

ಮರುದಿನ ಒಂಬತ್ತಕ್ಕೆ ಅವನು ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಬಾಳವ್ವ ಗಾಜಿಗೆ ಕೈ ಚಾಚಿದಳು.

"ಮುಟ್ಟಬ್ಯಾಡವ್ವಾ," ಎಂದ. "ಅದು ಸತ್ತ ಗಾಜು."

ಹೆಣ್ಣುಮಕ್ಕಳು ನಿಂತರು. ಮಹೇಶ ದುಡ್ಡಿನ ಗಲ್ಲಾದ ಮುಂದಿನಿಂದ ಎದ್ದು ಬಂದ. ಹೊಳೆಪ್ಪ ಎಲ್ಲವನ್ನೂ ಹೇಳಿದ: ವಹಿಯ ಅಳತೆ, ಒಂದು ನೂಲು, ಸಾಣೆಕಲ್ಲು, ನೀರು. ಹೇಳುವಾಗ ಮಗಳ ಮುಖ ನೋಡಲಿಲ್ಲ. ಮಹೇಶನ ಮುಖ ಕೆಂಪಾಯಿತು. "ಆರು ತಿಂಗಳಾತಲ್ಲೋ! ದಿನಾ ಇವರ ಇದರ ಬಾಜೂ ಹತ್ತಿ ಇಳೀತಿದ್ರು, ನೀ ಬಂದು ನಿಂತು ನೋಡಿ ಹೋಗ್ತಿದ್ದಿ! ಮನಶ್ಯಾ ಅದಿ ಏನ್ ನೀ?" ಎಂದು ಕೂಗಿದ. ಹೊಳೆಪ್ಪ ತಲೆ ಎತ್ತಲಿಲ್ಲ.

ಐಶ್ವರ್ಯ ಮಧ್ಯಾಹ್ನದೊಳಗೆ ಬಂದಳು. ಬಯ್ಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮೆಟ್ಟಿಲ ಪಕ್ಕದ ಕಡಾಯಿಯ ಒಲೆ ಆರಿಸಲು ಹೇಳಿದಳು. ಆ ಚೌಕಟ್ಟಿಗೆ ಬೆಂಕಿ ತಡೆಯುವ ಹಲಗೆ ಹೊಡೆಸಿದಳು. ಹೊಸ ಗಾಜು ಬರುವ ತನಕ ಪ್ಯಾಕಿಂಗನ್ನು ಕೆಳಗಿನ ಅಂಗಳಕ್ಕೆ ಇಳಿಸಿದಳು. ಆಮೇಲೆ, "ಅಳತಿ ಮತ್ತ ತಗೋಬೇಕಲ್ರಿ. ಯಾರು ತಗೋತೀರಿ?" ಎಂದಳು.

ಆಮ್ರಪಾಲಿ ಮುಂದೆ ಬಂದು ಅಪ್ಪನ ಕೈಯಿಂದ ಟೇಪಿನ ಒಂದು ತುದಿ ಇಸಿದುಕೊಂಡಳು. "ನೀ ಹಿಡಿ. ನಾ ಬರೀತೇನಿ," ಎಂದಳು. ಅವತ್ತು ಅವಳು ಅಪ್ಪನೊಂದಿಗೆ ಆಡಿದ್ದು ಅಷ್ಟೇ ಮಾತು. ಮರುದಿನ ಅಷ್ಟೂ ಇರಲಿಲ್ಲ.

ಕೆಟ್ಟ ಗಾಜನ್ನು ಹೊಳೆಪ್ಪ ಕೈಗಾಡಿಯಲ್ಲಿ ಮನೆಗೆ ತಂದು ಮೂಡಣ ಕಿಟಕಿಗೆ ಕೂರಿಸಿದ. ಬೆಳಿಗ್ಗೆ ಅಡುಗೆಮನೆಯ ತುಂಬ ಹಾಲಿನ ಬೆಳಕು ಇಳಿಯುತ್ತಿತ್ತು. "ಇನ್ನ ಕನಸ ಕಾಣೂದಿದ್ರ ಇಲ್ಲೇ ಕುಂತು ಕಾಣ್ರಿ. ಮಂದಿ ಮೆಟ್ಟಲದಾಗ ಬ್ಯಾಡ," ಎಂದಳು ಉದ್ದವ್ವ. ಚಹಾದ ಕಪ್ಪನ್ನು ಮಾತ್ರ ಮೆಲ್ಲಗೆ ಅವನ ಬದಿಗೆ ಸರಿಸಿದಳು.

ಒಂದೂವರೆ ತಿಂಗಳಿಗೆ ಹೊಸ ಗಾಜು ಬಂತು. ಕೂರಿಸುವ ಕೆಲಸ ಬೇರೆಯವರಿಗೆ ಕೊಡುತ್ತಾರೆ ಎಂದುಕೊಂಡಿದ್ದ. ಮಹೇಶನೇ ಫೋನ್ ಮಾಡಿದ. "ಬಾ. ನಿನ್ನಷ್ಟು ಅಂಜಿ ಕೂಡಸಾವ್ರು ಇನ್ಯಾರೂ ಸಿಗಂಗಿಲ್ಲ ನನಗ," ಎಂದು ಫೋನ್ ಇಟ್ಟ. ಗಾಜು ಚೌಕಟ್ಟಿನಲ್ಲಿ ಸಡಿಲವಾಗಿ, ಸರಿಯಾಗಿ ಕೂತಿತು. ಅದರಾಚೆಗೆ ಕಡಾಯಿ ಕಡಾಯಿಯ ಹಾಗೆಯೇ ಕಾಣುತ್ತಿತ್ತು, ಬೆಂಕಿ ಬೆಂಕಿಯ ಹಾಗೆ. ಲೋಹದ ಕಟ್ಟನ್ನು ಇನ್ನೂ ಹಾಕಿರಲಿಲ್ಲ.

ಒಂಬತ್ತಕ್ಕೆ ಹೆಣ್ಣುಮಕ್ಕಳು ಬಂದರು. ಹೊಳೆಪ್ಪ ಗೋಡೆಗೆ ಸರಿದು ನಿಂತ. ಬಾಳವ್ವ ಗಾಜಿನ ಮುಂದೆ ಒಂದು ಗಳಿಗೆ ನಿಂತಳು, ಕೈ ಎತ್ತಲಿಲ್ಲ, ಮೆಟ್ಟಿಲು ಹತ್ತಿದಳು. ಹಿಂದಿನವಳೂ ಕೈ ಎತ್ತಲಿಲ್ಲ. ಇಪ್ಪತ್ತೇಳು ಮಂದಿ ಹಾಗೇ ಹೋದರು. ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಬೀಳಲಿಲ್ಲ. ಇದು ತನಗೆ ಸಲ್ಲಬೇಕಾದದ್ದೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೂ ಎದೆ ಉರಿಯಿತು.

ಕೊನೆಗೆ ಆಮ್ರಪಾಲಿ ಬಂದಳು. ಅವಳೂ ಗಾಜು ಮುಟ್ಟಲಿಲ್ಲ. ಚೀಲ ಕೆಳಗಿಟ್ಟು, ನೆಲದ ಮೇಲೆ ಮೊಣಕಾಲೂರಿ, ಫೋನಿನ ಬೆಳಕು ಹಚ್ಚಿದಳು. ಮೂಲೆಯ ಮುದ್ರೆಯನ್ನು ತುಟಿ ಅಲ್ಲಾಡಿಸಿ ಓದಿದಳು. ಕೆಳಗಿನ ಅಂಚಿಗೆ ಬೆಳಕು ಹಿಡಿದು ಈ ತುದಿಯಿಂದ ಆ ತುದಿಗೆ ಸರಿದಳು. ಪಟ್ಟಿ ಎಲ್ಲಾದರೂ ಬಿಚ್ಚಿದೆಯೇ ಎಂದು ಉಗುರಿನಿಂದ ಸವರಿದಳು. ಎರಡು ಬೆಂಕಿಕಡ್ಡಿ ಜೋಡಿಸಿ ಸಡಿಲಿನಲ್ಲಿ ತೂರಿಸಿ ನೋಡಿದಳು. ಮೆಟ್ಟಿಲ ಮೇಲೆ ಇಪ್ಪತ್ತೇಳು ಮಂದಿ ತಿರುಗಿ ನಿಂತು ನೋಡುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಹೊಳೆಪ್ಪನ ಕೆಲಸವನ್ನು ಯಾರೂ ಹೀಗೆ ನೋಡಿರಲಿಲ್ಲ. ಹೊಗಳಿದ್ದರು, ನಂಬಿದ್ದರು, ಮೊನ್ನೆ ಮೊನ್ನೆ ನಮಸ್ಕಾರವನ್ನೂ ಮಾಡಿದ್ದರು.

ಅವಳು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡಳು. ಒಂದೂವರೆ ತಿಂಗಳ ಮೇಲೆ ಮೊದಲ ಸಲ ಅವನ ಕಣ್ಣಿಗೆ ಕಣ್ಣಿಟ್ಟಳು.

"ಸರಿ ಐತಿ ಯಪ್ಪಾ. ಕಟ್ಟು ಹಾಕು," ಎಂದು ಹೇಳಿ ಮೇಲೆ ಕೆಲಸಕ್ಕೆ ಹೋದಳು.